ಸ್ಟಿಕ್ಕರ್ ಬಿಡಿ, ಪೂರ್ತಿ ನಂಬರ್ ಓದಿ

(ಶಿವಮೊಗ್ಗದಲ್ಲಿ ಪಿಯುಸಿ ಮುಗಿಸಿದ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತಿನ ಬರಹ ರೂಪ. ಅವತ್ತು ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬಸ್ಸು ಹಿಡಿದು ಬಂದವರೂ ಇದ್ದೀರಿ ಅಂತ ಗೊತ್ತಾಯಿತು. ವಾಪಸ್ ಬಸ್ಸಿಗೆ ತಡವಾಗದ ಹಾಗೆ ಮುಗಿಸುತ್ತೇನೆ.

ನಾನು ಈ ಊರಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬಂದವನು. ವಾರಕ್ಕೆ ನಾಲ್ಕು ಜನವಾದರೂ ಲ್ಯಾಪ್‌ಟಾಪ್ ತಂದು ಟೇಬಲ್ ಮೇಲೆ ಇಟ್ಟು, "ಐ7 ಸರ್, ಆದರೂ ಯಾಕೋ ನಿಧಾನ" ಅನ್ನುತ್ತಾರೆ. ಆ ಮಾತಲ್ಲಿ "ಆದರೂ" ಅಂತ ಒಂದು ಪದ ಇದೆಯಲ್ಲ, ನನ್ನ ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ. ಐ5, ಐ7 ಅಂದರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್ಪಿಗೆ, ಅಂದರೆ ಪ್ರೊಸೆಸರಿಗೆ, ಇಂಟೆಲ್ ಕಂಪನಿ ಇಟ್ಟ ಹೆಸರು. ಐ7 ಅಂದ ಮೇಲೆ ಜೋರಾಗಿ ಓಡಬೇಕು ಅಂತ ಅವರಿಗೆ ಯಾರೋ ನಂಬಿಸಿದ್ದಾರೆ. ಯಾರು ನಂಬಿಸಿದರು? ಆ ಹೆಸರೇ ನಂಬಿಸಿತು.

ನಮ್ಮ ಮನೆಯಲ್ಲೇ ಆದ ಒಂದು ಕಥೆ ಹೇಳುತ್ತೇನೆ. 2018. ಅಕ್ಕನ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಭಾವನದ್ದು ಹೊಸನಗರದ ಕಡೆ ಸಣ್ಣ ಅಡಿಕೆ ತೋಟ. ಆ ವರ್ಷದ ಅಡಿಕೆ ದುಡ್ಡಲ್ಲಿ ಒಂದು ಪಾಲು ಲ್ಯಾಪ್‌ಟಾಪಿಗೆ ಅಂತ ತೆಗೆದಿಟ್ಟಿದ್ದರು. ನಾನು ಆ ವಾರ ಊರಲ್ಲಿ ಇರಲಿಲ್ಲ. ಅಂಗಡಿಯಲ್ಲಿ ನಿಂತು ಫೋನ್ ಮಾಡಿದರು. "ಎಂತ ತಗೊಳ್ಳಲಿ ಮಾರಾಯ, ಐ5 ಅಂತ ಒಂದು ಇಟ್ಟಿದ್ದಾರೆ, ಐ7 ಅಂತ ಒಂದು." ನಾನು ಅವಸರದಲ್ಲಿ ಇದ್ದೆ. "ಐ5 ಸಾಕು ಭಾವ, ಅವಳ ಓದಿಗೆ" ಅಂದುಬಿಟ್ಟೆ. ಪೂರ್ತಿ ನಂಬರ್ ಕೇಳಲಿಲ್ಲ. ಅದು ನನ್ನ ತಪ್ಪು. ಅಂಗಡಿಯವರು ಐ7 ದೊಡ್ಡದು, ಮಗಳು ನಾಲ್ಕು ವರ್ಷ ಓದಬೇಕಲ್ಲ ಅಂದರು. ಮಗಳ ವಿಷಯದಲ್ಲಿ ಯಾವ ಅಪ್ಪ ತಾನೇ ಚಿಕ್ಕದು ಸಾಕು ಅನ್ನುತ್ತಾರೆ? ಜಾಸ್ತಿ ದುಡ್ಡು ಕೊಟ್ಟು ಐ7 ತಂದರು.

ತಂದದ್ದು ಐ7-7500ಯು. ಬಿಟ್ಟು ಬಂದದ್ದು ಐ5-8250ಯು. ಈಗ ಈ ಎರಡರ ಒಳಗೆ ಏನಿದೆ ನೋಡಿ. ಐ7-7500ಯು 2016ರಲ್ಲಿ ಬಂದ ಚಿಪ್, ಅದರಲ್ಲಿ ಎರಡೇ ಕೋರ್. ಐ5-8250ಯು 2017ರದ್ದು, ಅದರಲ್ಲಿ ನಾಲ್ಕು ಕೋರ್. ಕೋರ್ ಅಂದರೆ ಕೆಲಸ ಮಾಡುವ ಆಳು ಅಂದುಕೊಳ್ಳಿ. ಇಬ್ಬರು ಆಳಿಗೆ ಜಾಸ್ತಿ ಕೂಲಿ ಕೊಟ್ಟು, ನಾಲ್ಕು ಆಳನ್ನು ಕಡಿಮೆ ಕೂಲಿಗೆ ಸಿಗುತ್ತಿದ್ದಾಗಲೂ ಬಿಟ್ಟು ಬಂದ ಹಾಗಾಯಿತು. ಇನ್ನೂ ಒಂದು ವಿಷಯ ಇದೆ. ವಿವರದ ಚೀಟಿ ನೋಡಿದರೆ ಐ7ರಲ್ಲಿ 2.7 ಗಿಗಾಹರ್ಟ್ಸ್ ಅಂತ ಇರುತ್ತದೆ, ಐ5ರಲ್ಲಿ 1.6 ಅಂತ. ಅಂದರೆ ಹೆಸರಿನ ಅಂಕಿ ನೋಡಿದರೂ ಏಳು ದೊಡ್ಡದು, ವೇಗದ ಅಂಕಿ ನೋಡಿದರೂ ಅದೇ ದೊಡ್ಡದು. ಲೆಕ್ಕ ಗೊತ್ತಿರುವ, ಎಚ್ಚರಿಕೆಯಿಂದ ಚೀಟಿ ಓದುವ ಮನುಷ್ಯ ಕೂಡ ತಪ್ಪನ್ನೇ ಆರಿಸುತ್ತಾನೆ. ವೇಗದ ಆ ಅಂಕಿ ಎಲ್ಲ ಕೋರ್‌ಗಳೂ ಎಡೆಬಿಡದೆ ದುಡಿಯುವಾಗ ಖಾತ್ರಿ ಕೊಡುವ ಕನಿಷ್ಠ ವೇಗ, ಬೇಕಾದಾಗ ಎರಡೂ ಚಿಪ್ 3.4, 3.5 ಗಿಗಾಹರ್ಟ್ಸ್ ತನಕ ಹೋಗುತ್ತವೆ ಅನ್ನುವುದನ್ನು ಅಂಗಡಿಯಲ್ಲಿ ಯಾರು ಹೇಳುತ್ತಾರೆ?

ಹೋಗಲಿ, ಓದು ಮುಗಿಯಿತು, ಅವಳು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದಳು, ಲ್ಯಾಪ್‌ಟಾಪ್ ತಮ್ಮನ ಪಾಲಿಗೆ ಬಂತು. ಆಮೇಲೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕಬೇಕು ಅಂದರೆ ಇಂಟೆಲ್ ಚಿಪ್ ಹೆಚ್ಚುಕಡಿಮೆ 8ನೇ ತಲೆಮಾರು, ಅಂದರೆ 8ನೇ ಜನರೇಷನ್‌ನಿಂದ ಈಚಿನದು ಇರಬೇಕು. ಭಾವ ಜಾಸ್ತಿ ಕೊಟ್ಟು ತಂದ ಐ7, ಏಳನೇ ಜನರೇಷನ್. ಮೈಕ್ರೋಸಾಫ್ಟ್ ಕೊಟ್ಟ ಪಟ್ಟಿಯಲ್ಲಿ ಇಲ್ಲ. ಬಿಟ್ಟು ಬಂದ ಐ5, ಎಂಟನೇ ಜನರೇಷನ್. ಪಟ್ಟಿಯಲ್ಲಿ ಇದೆ. ಏಳು ವರ್ಷದ ಹಿಂದೆ ಒಂದು ಅಂಕಿ ಓದದೆ ಇದ್ದದ್ದಕ್ಕೆ ಎರಡನೇ ಸಲ ಪೆಟ್ಟು. ಈಗ ಅದಕ್ಕೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಹಾಕಿ ಕೊಟ್ಟಿದ್ದೇನೆ, ಹುಡುಗ ಅದರಲ್ಲೇ ಓದುತ್ತಿದ್ದಾನೆ. ಅದು ಬೇರೆ ವಿಷಯ.

ನನಗೆ ಬೇಜಾರಾಗಿದ್ದು ಏನು ಗೊತ್ತಾ? ಇದೇ ಭಾವನನ್ನು ಅಡಿಕೆ ಮಂಡಿಯಲ್ಲಿ ಯಾರೂ ಏಮಾರಿಸಲಾರರು. ನಿಮ್ಮಲ್ಲಿ ಅರ್ಧ ಜನಕ್ಕೆ ನಾನು ಅಡಿಕೆ ಪಾಠ ಹೇಳಬೇಕಾಗಿಲ್ಲ, ಮಕ್ಕಳಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಕೆಂಪಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಹೆಸರುಗಳಿವೆ. ಶಿವಮೊಗ್ಗ ಮಾರುಕಟ್ಟೆಯ ರೇಟು ದಿನಾ ಪೇಪರಲ್ಲಿ ಬರುವುದೂ ಈ ಹೆಸರುಗಳಲ್ಲೇ. ಸಾಗರದ ಕಡೆ ಹೋದರೆ ಚಾಲಿ, ಕೆಂಪುಗೋಟು, ಕೋಕ ಅಂತ ಇನ್ನೂ ಬೇರೆ ಹೆಸರುಗಳು ಸೇರುತ್ತವೆ. ಹೊರಗಿನವರಿಗೆ ಇದೂ ಗೊಂದಲವೇ. ಒಂದೇ ಮರದ, ಒಂದೇ ತೋಟದ ಕಾಯಿ, ಅದಕ್ಕೆ ಇಷ್ಟು ಹೆಸರು ಯಾಕೆ ಅಂತ ಅನ್ನಿಸಬಹುದು. ಆದರೆ ಪ್ರತಿ ಹೆಸರೂ ಕಾಯಿ ಎಷ್ಟು ಬಲಿತಿತ್ತು, ಹೇಗೆ ಬೇಯಿಸಿ ಒಣಗಿಸಿದರು, ಅಂಗಳದಲ್ಲಿ ಕೂತು ಆರಿಸುವಾಗ ಯಾವ ಗುಂಪಿಗೆ ಬಿತ್ತು ಅನ್ನುವುದರ ಮೇಲೆ ನಿಂತಿದೆ. ಸರಕಿಗೆ ಎಲ್ಲಕ್ಕಿಂತ ಜಾಸ್ತಿ ರೇಟು, ಗೊರಬಲಿಗೆ ಎಲ್ಲಕ್ಕಿಂತ ಕಡಿಮೆ. ಹೋದ ವರ್ಷದ ಗೊರಬಲಿಗೆ ಈ ವರ್ಷ ಸರಕು ಅಂತ ಹೆಸರಿಟ್ಟು ಮಾರಲು ಆಗುವುದಿಲ್ಲ. ಯಾಕೆಂದರೆ ಕೊಳ್ಳುವವನು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಒಂದೆರಡು ಒಡೆದು ನೋಡುತ್ತಾನೆ.

ಪ್ರೊಸೆಸರನ್ನು ಒಡೆದು ನೋಡಲು ಆಗುವುದಿಲ್ಲ. ಹೆಸರೊಂದೇ ನಮ್ಮ ಕೈಗೆ ಸಿಗುವುದು. ಹಾಗಾಗಿ ಆ ಹೆಸರು ಅಡಿಕೆ ಹೆಸರಿಗಿಂತಲೂ ಪ್ರಾಮಾಣಿಕವಾಗಿ ಇರಬೇಕಿತ್ತು ಅನ್ನುವುದು ನನ್ನ ವಾದ.

ಈಗ ಕಂಪನಿಗಳ ಕಡೆಯಿಂದಲೂ ಸ್ವಲ್ಪ ನೋಡೋಣ, ನ್ಯಾಯ ಅಂತ ಒಂದು ಇದೆಯಲ್ವಾ. ಚಿಪ್ ಮಾಡುವ ಕೆಲಸದಲ್ಲೂ ಅಡಿಕೆ ಆರಿಸುವ ಹಾಗೆ ಒಂದು ಆರಿಸುವ ಕೆಲಸ ಇದೆ. ಸಿಲಿಕಾನ್‌ನ ಒಂದು ದೊಡ್ಡ ದುಂಡನೆ ತಟ್ಟೆಯ ಮೇಲೆ ನೂರಾರು ಚಿಪ್‌ಗಳನ್ನು ಒಟ್ಟಿಗೆ ಮಾಡುತ್ತಾರೆ. ಎಲ್ಲವೂ ಒಂದೇ ತರ ಬರುವುದಿಲ್ಲ. ಒಂದರಲ್ಲಿ ಎಂಟೂ ಕೋರ್ ಸರಿ ಇರುತ್ತವೆ, ಪಕ್ಕದ್ದರಲ್ಲಿ ಒಂದು ಕೆಟ್ಟಿರುತ್ತದೆ. ಕೆಟ್ಟದ್ದನ್ನು ಬಿಸಾಡುವುದಿಲ್ಲ, ಆ ಕೋರನ್ನು ಮುಚ್ಚಿ ಕಡಿಮೆ ರೇಟಿಗೆ ಬೇರೆ ಹೆಸರಲ್ಲಿ ಮಾರುತ್ತಾರೆ. ಇಂಟೆಲ್ ಹಾಗೆಯೇ ಚಿಪ್ ಮಾಡುವ ಎಎಂಡಿ ಕಂಪನಿಯ ರೈಜೆನ್ 7 5800ಎಕ್ಸ್ ಮತ್ತು ರೈಜೆನ್ 5 5600ಎಕ್ಸ್ ಎರಡರಲ್ಲೂ ಇರುವುದು ಎಂಟು ಕೋರಿನ ಒಂದೇ ಚಿಪ್. 5600ಎಕ್ಸ್‌ನಲ್ಲಿ ಆರು ಕೋರ್ ಮಾತ್ರ ತೆರೆದಿರುತ್ತಾರೆ. ಇಂಟೆಲ್ ಚಿಪ್‌ಗಳ ಹೆಸರಿನ ಕೊನೆಯಲ್ಲಿ ಎಫ್ ಅಂತ ಇದ್ದರೆ ಒಳಗಿನ ಗ್ರಾಫಿಕ್ಸ್ ಮುಚ್ಚಿದ್ದಾರೆ ಅಂತ ಅರ್ಥ, ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು. ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆರಿಸಿ ಬೇರೆ ಬೇರೆ ಹೆಸರಿಡುವುದು ಸರಿಯೇ. ವ್ಯರ್ಥ ಆಗುವುದಿಲ್ಲ, ಕಡಿಮೆ ದುಡ್ಡಿನವರಿಗೂ ಒಂದು ಚಿಪ್ ಸಿಗುತ್ತದೆ. ನನ್ನ ತಕರಾರು ಹಳೆಯ ಮಾಲಿಗೆ ಹೊಸ ವರ್ಷದ ಹೆಸರು ಹಚ್ಚುವುದರ ಬಗ್ಗೆ, ಒಂದೇ ಹೆಸರಲ್ಲಿ ಎರಡು ಮಾಲು ಇಡುವುದರ ಬಗ್ಗೆ.

ಇದು ಇವತ್ತಿನ ಕಾಯಿಲೆ ಅಂದುಕೊಳ್ಳಬೇಡಿ. 1978ರಲ್ಲಿ ಇಂಟೆಲ್ 8086 ಅಂತ ಚಿಪ್ ತಂದಿತು. ಮುಂದಿನ ವರ್ಷ 8088 ಬಂತು. ನಂಬರ್ ದೊಡ್ಡದು, ಆದರೆ ಹೊರಗೆ ಮಾಹಿತಿ ಸಾಗಿಸುವ ದಾರಿ 16 ಬಿಟ್‌ನಿಂದ 8 ಬಿಟ್‌ಗೆ ಇಳಿದಿತ್ತು. ಅದು ಅಗ್ಗದ ರೂಪ. ಅದನ್ನೇ 1981ರಲ್ಲಿ ಐಬಿಎಂ ತನ್ನ ಪಿಸಿಗೆ ಹಾಕಿತು. ಆಮೇಲೆ 286, 386, 486. ಇಲ್ಲಿ ಎಸ್‌ಎಕ್ಸ್, ಡಿಎಕ್ಸ್ ಅಂತ ಬಾಲ ಸೇರಿತು. 386 ಎಸ್‌ಎಕ್ಸ್ ಅಂದರೆ ಮತ್ತೆ ಅದೇ, ಹೊರಗಿನ ದಾರಿ ಅರ್ಧ. ಸರಿ, ಎಸ್‌ಎಕ್ಸ್ ಅಂದರೆ ಕಿರಿದಾದ ದಾರಿ ಅಂತ ಜನ ಕಲಿತರು. 1991ರಲ್ಲಿ 486 ಎಸ್‌ಎಕ್ಸ್ ಬಂತು, ಅದರಲ್ಲಿ ದಾರಿ ಪೂರ್ತಿ ಇತ್ತು, ಆದರೆ ದಶಮಾಂಶದ ಗಣಿತ ಮಾಡುವ ಭಾಗ ಇರಲಿಲ್ಲ. ಅದೇ ಎರಡು ಅಕ್ಷರ, ಬೇರೆಯೇ ಅರ್ಥ. ಗಣಿತದ ಭಾಗ ಬೇಕಾದರೆ 487 ಅಂತ ಇನ್ನೊಂದು ಚಿಪ್ ಕೊಂಡು ಪಕ್ಕದಲ್ಲಿ ಹಾಕಬೇಕಿತ್ತು. ಅದು ನಿಜವಾಗಿ ಪೂರ್ತಿ 486ನೇ ಆಗಿತ್ತು. ಅದು ಕೂತ ತಕ್ಷಣ ಮೊದಲಿನ ಚಿಪ್ಪನ್ನು ಮಲಗಿಸಿ ಎಲ್ಲ ಕೆಲಸ ತಾನೇ ಮಾಡುತ್ತಿತ್ತು. ನಂತರ ಡಿಎಕ್ಸ್2 ಬಂತು, ಒಳಗಿನ ವೇಗ ಎರಡು ಪಟ್ಟು. ಹಾಗಾದರೆ ಡಿಎಕ್ಸ್4 ಅಂದರೆ ನಾಲ್ಕು ಪಟ್ಟು ಅಲ್ವಾ? ಅಲ್ಲ, ಮೂರು ಪಟ್ಟು. 33 ಮೆಗಾಹರ್ಟ್ಸ್ ಬೋರ್ಡಿನ ಮೇಲೆ ಅದು 100ರಲ್ಲಿ ಓಡುತ್ತಿತ್ತು. ನಾಲ್ಕು ಅಂತ ಯಾಕೆ ಇಟ್ಟರು ಅಂತ ನನ್ನನ್ನು ಕೇಳಬೇಡಿ, ಅಂಕಿಯನ್ನು ಅಂಕಿಯ ಹಾಗೆ ಬಳಸುವುದನ್ನು ಅವರು ಅಲ್ಲಿಗೆ ಬಿಟ್ಟುಬಿಟ್ಟರು ಅಂತ ಮಾತ್ರ ಹೇಳುತ್ತೇನೆ.

ಅಂಕಿ ಬಿಟ್ಟು ಪದಕ್ಕೆ ಹೋಗಲು ಇನ್ನೊಂದು ಕಾರಣವೂ ಇತ್ತು. ಎಎಂಡಿ ತನ್ನದೇ 386 ತಂದಿತು. ಆ ಅಂಕಿ ನಮ್ಮದು ಅಂತ ಇಂಟೆಲ್ ಕೋರ್ಟಿಗೆ ಹೋಯಿತು, 1991ರಲ್ಲಿ ಸೋತಿತು. ಅಂಕಿ ಯಾರ ಸ್ವಂತದ್ದೂ ಅಲ್ಲ ಅಂತಾಯಿತು. ಹಾಗಾಗಿ 586 ಅಂತ ಇಡಬೇಕಾದ ಚಿಪ್ಪಿಗೆ 1993ರಲ್ಲಿ ಪೆಂಟಿಯಂ ಅಂತ ಹೆಸರಾಯಿತು. ಗ್ರೀಕಿನಲ್ಲಿ ಪೆಂಟೆ ಅಂದರೆ ಐದು. ನಮ್ಮಲ್ಲಿ ನಲವತ್ತು ದಾಟಿದವರಿಗೆ ಈಗಲೂ ಪೆಂಟಿಯಂ ಅಂದರೆ ಒಂದು ಗೌರವ ಇದೆ. ಸೈಬರ್ ಸೆಂಟರ್‌ನ ಬೋರ್ಡಿನ ಮೇಲೆ ಪೆಂಟಿಯಂ ಫೋರ್ ಅಂತ ಬರೆದಿದ್ದರೆ ಅಲ್ಲಿಗೇ ಹೋಗುತ್ತಿದ್ದೆವು. ಆ ಗೌರವ ಆಮೇಲೆ ಅಪಾಯವಾಯಿತು. ಯಾಕೆಂದರೆ ಮುಂದೆ ಪೆಂಟಿಯಂ ಹೆಸರನ್ನು ಐ3ಗಿಂತಲೂ ಕೆಳಗಿನ, ಅಗ್ಗದ ಚಿಪ್‌ಗಳಿಗೆ ಇಟ್ಟರು. ಅದರಲ್ಲೂ ಗೋಲ್ಡ್, ಸಿಲ್ವರ್ ಅಂತ ಎರಡು, ಎರಡರ ಒಳಗಿನ ಕೋರ್ ಬೇರೆ ಬೇರೆ ಜಾತಿ. ಹಳೇ ನೆನಪಿನ ಮೇಲೆ ಪೆಂಟಿಯಂ ಅಂತ ಕೇಳಿ ತಂದ ನಿವೃತ್ತ ಮೇಷ್ಟ್ರು ಒಬ್ಬರು ನನ್ನ ಟೇಬಲ್ ಮುಂದೆ ಕೂತು, ಇದು ಪೆಂಟಿಯಂ ಅಲ್ಲವೇ ಅಂತ ಕೇಳಿದಾಗ ಏನು ಉತ್ತರ ಹೇಳಲಿ? ಹೌದು ಸರ್, ಪೆಂಟಿಯಮ್ಮೇ. 2023ರಿಂದ ಲ್ಯಾಪ್‌ಟಾಪ್‌ಗಳಲ್ಲಿ ಆ ಹೆಸರನ್ನೂ ಸೆಲೆರಾನ್ ಹೆಸರನ್ನೂ ಬಿಟ್ಟು ಸುಮ್ನೆ "ಇಂಟೆಲ್ ಪ್ರೊಸೆಸರ್" ಅಂತ ಕರೆಯಲು ಶುರು ಮಾಡಿದ್ದಾರೆ. ಎನ್100 ಅಂತ ಬರುತ್ತದಲ್ಲ, ಅದು ಆ ಸಾಲಿನದ್ದು.

ಮೆಗಾಹರ್ಟ್ಸ್ ಕಾಲದ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಒಂದು ಕಾಲಕ್ಕೆ ವೇಗ ಅಂದರೆ ಮೆಗಾಹರ್ಟ್ಸ್ ಅಂತಲೇ ಎಲ್ಲರೂ ನಂಬಿದ್ದರು. ಎಎಂಡಿಯ ಚಿಪ್ ಕಡಿಮೆ ಮೆಗಾಹರ್ಟ್ಸ್‌ನಲ್ಲೇ ಜಾಸ್ತಿ ಕೆಲಸ ಮಾಡುತ್ತಿತ್ತು, ಆದರೆ ಅದನ್ನು ಗಿರಾಕಿಗೆ ಹೇಗೆ ತಿಳಿಸುವುದು? 2001ರಲ್ಲಿ ಅಥ್ಲಾನ್ ಎಕ್ಸ್‌ಪಿ 1800+ ಅಂತ ಹೆಸರಿಟ್ಟರು. ನಿಜವಾದ ವೇಗ 1533 ಮೆಗಾಹರ್ಟ್ಸ್. ಸೈರಿಕ್ಸ್ ಅನ್ನುವ ಕಂಪನಿ ಇದಕ್ಕೂ ಮೊದಲೇ 133 ಮೆಗಾಹರ್ಟ್ಸ್ ಚಿಪ್ಪನ್ನು 166+ ಅಂತ ಮಾರಿತ್ತು. ಇಂಟೆಲ್‌ಗೂ 2004ರ ಹೊತ್ತಿಗೆ ಮೆಗಾಹರ್ಟ್ಸ್ ಏರಿಸುತ್ತಾ ಹೋಗಲು ಆಗಲಿಲ್ಲ. ಚಿಪ್ ಕಾದು ಕೆಂಡವಾಗುತ್ತಿತ್ತು. ಆಗ ಅವರೂ ವೇಗವನ್ನು ಹೆಸರಿನಿಂದ ತೆಗೆದು ಪೆಂಟಿಯಂ 4 550 ಅನ್ನುವ ತರದ ನಂಬರ್‌ಗೆ ಬಂದರು. ಈಗ ನಾವು ಸಿಕ್ಕಿಹಾಕಿಕೊಂಡಿರುವ ಕಾಡು ಅಲ್ಲಿಂದ ಶುರು.

ಐ7 ಅನ್ನುವ ಹೆಸರು 2008ರಲ್ಲಿ ಬಂತು. 2009ರಲ್ಲಿ ಐ5, 2010ರಲ್ಲಿ ಐ3, ತುಂಬಾ ಆಮೇಲೆ 2017ರಲ್ಲಿ ಐ9. ಇದು ಕೋರ್‌ಗಳ ಸಂಖ್ಯೆ ಅಲ್ಲ, ಯಾವುದರ ಅಳತೆಯೂ ಅಲ್ಲ. ಆ ವರ್ಷದ ಮನೆಯಲ್ಲಿ ಯಾವ ಮಹಡಿ ಅಂತ ಹೇಳುತ್ತದೆ, ಅಷ್ಟೇ. ಬೇರೆ ವರ್ಷದ ಮನೆಯ ಮಹಡಿಗೆ ಹೋಲಿಸುವ ಹಾಗಿಲ್ಲ. 2017ರ ಶುರುವಿನ ಡೆಸ್ಕ್‌ಟಾಪ್ ಐ5-7500ರಲ್ಲಿ ನಾಲ್ಕು ಕೋರ್, ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಐ3-8100ರಲ್ಲೂ ನಾಲ್ಕು ಕೋರ್.

ಹಾಗಾದರೆ ವರ್ಷ ಓದುವುದು ಹೇಗೆ? ಗೆರೆಯ ಆಚೆಗಿನ ಅಂಕಿಯಲ್ಲಿ ಮೊದಲನೆಯದು ಜನರೇಷನ್. 8250ಯು ಅಂದರೆ ಎಂಟು. ಹತ್ತು ಮತ್ತು ಅದರ ಮೇಲಿನದಕ್ಕೆ ಮೊದಲ ಎರಡು ಅಂಕಿ. 1235ಯು ಅಂದರೆ ಹನ್ನೆರಡು. ಎರಡರಲ್ಲೂ ನಾಲ್ಕೇ ಅಂಕಿ, ಒಂದರಲ್ಲಿ ಒಂದು ಓದಬೇಕು, ಇನ್ನೊಂದರಲ್ಲಿ ಎರಡು. ನಾನು ಮಕ್ಕಳಿಗೆ ಹೇಳಿಕೊಡುವುದು ಇಷ್ಟು: ಒಂದರಿಂದ ಶುರುವಾದರೆ ಎರಡು ಅಂಕಿ ಓದಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡುವವರಿಗೆ ಈ ಒಂದು ಸೂತ್ರ ತುಂಬಾ ಉಪಯೋಗಕ್ಕೆ ಬರುತ್ತದೆ.

ಆದರೆ ಜನರೇಷನ್ ಓದಿದರೂ ಸಾಲದು ಅನ್ನುವಂತೆ ಮಾಡಿಟ್ಟಿದ್ದಾರೆ. 2019ರ ಆಗಸ್ಟ್‌ನಲ್ಲಿ ಹತ್ತನೇ ಜನರೇಷನ್ ಅಂತ ಎರಡು ಬೇರೆ ಬೇರೆ ಚಿಪ್ ಸಾಲು ಬಂದವು. ಒಂದು ಐ7-1065ಜಿ7, ಹೊಸ ವಿನ್ಯಾಸ, 10 ನ್ಯಾನೊಮೀಟರ್ (ಚಿಪ್ ಎಷ್ಟು ಸೂಕ್ಷ್ಮವಾಗಿ ಮಾಡಿದ್ದು ಅನ್ನುವ ಗುರುತು, ಕಡಿಮೆ ಇದ್ದಷ್ಟು ಹೊಸ ತಯಾರಿ). ಇನ್ನೊಂದು ಐ7-10510ಯು, 14 ನ್ಯಾನೊಮೀಟರ್, ಅದರ ಕೋರ್ ವಿನ್ಯಾಸ 2015ರದ್ದು. ಎರಡೂ ಐ7, ಎರಡೂ ಹತ್ತನೇ ಜನರೇಷನ್, ಸ್ಟಿಕ್ಕರ್ ನೋಡಿದರೆ ಒಂದೇ. ಇನ್ನು ಡೆಸ್ಕ್‌ಟಾಪ್‌ಗೆ ಬಂದರೆ, 13ನೇ ಜನರೇಷನ್ನಿನ ಐ5-13400 ಒಳಗಿನ ಕೋರ್‌ಗಳು 12ನೇ ಜನರೇಷನ್ನಿನ ವಿನ್ಯಾಸದವೇ. 2023ರ 14ನೇ ಜನರೇಷನ್ನಿನ ಐ5-14600ಕೆ ಮತ್ತು ಹಿಂದಿನ ವರ್ಷದ 13600ಕೆ ಎರಡರಲ್ಲೂ ಕೋರ್‌ಗಳ ಲೆಕ್ಕ ಒಂದೇ, ವೇಗ ಚೂರು ಏರಿಸಿದ್ದರು.

2023ರಲ್ಲಿ ಇಂಟೆಲ್ "ಐ" ಅಕ್ಷರವನ್ನು ಬಿಡುವುದಾಗಿ ಹೇಳಿತು. ನಾನು ನಿಜಕ್ಕೂ ಖುಷಿಪಟ್ಟೆ, ಈಗಲಾದರೂ ಸರಿಹೋಗುತ್ತದೆ ಅಂತ. ಏನಾಯಿತು? ಕೋರ್ 5 120ಯು ಅಂತ ಒಂದು ಬಂತು, ಕೋರ್ ಅಲ್ಟ್ರಾ 5 125ಯು ಅಂತ ಇನ್ನೊಂದು. ಕೇಳುವಾಗ ಅಣ್ಣ ತಮ್ಮನ ಹಾಗೆ ಇವೆ. ಅಲ್ಟ್ರಾ ಹೊಸ ವಿನ್ಯಾಸ. ಅಲ್ಟ್ರಾ ಇಲ್ಲದ್ದು 13ನೇ ಜನರೇಷನ್ನಿನ ಹಳೇ ವಿನ್ಯಾಸಕ್ಕೆ ಹೊಸ ಹೆಸರು. ನಡುವಿನ ಒಂದು ಪದ ಬಿಟ್ಟು ಹೇಳಿದರೆ ಬೇರೆ ಮಾಲು ಬರುತ್ತದೆ. ಅಲ್ಟ್ರಾ ಒಳಗೂ ನೆಮ್ಮದಿ ಇಲ್ಲ. ಕೋರ್ ಅಲ್ಟ್ರಾ 7 258ವಿ ಮತ್ತು ಕೋರ್ ಅಲ್ಟ್ರಾ 7 255ಎಚ್ ತೆಗೆದುಕೊಳ್ಳಿ. ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಅಂತ ಕರೆಯುವ ಸೌಲಭ್ಯಗಳಿಗೆ ಎಐ ಲೆಕ್ಕ ಮಾಡುವ ಭಾಗಕ್ಕೆ 40 ಟಾಪ್ಸ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಅನ್ನುವ ಅಳತೆ) ಶಕ್ತಿ ಬೇಕು. 258ವಿಯಲ್ಲಿ ಅದು 47, 255ಎಚ್‌ನಲ್ಲಿ 13. ಎರಡಕ್ಕೂ ಅಲ್ಟ್ರಾ 7 ಅಂತಲೇ ಹೆಸರು. ಮಗುವಿಗೆ ಎಐ ಲ್ಯಾಪ್‌ಟಾಪ್ ಬೇಕು ಅಂತ ಹೋದ ಅಪ್ಪನಿಗೆ ಕೊನೆಯ ಒಂದು ಅಕ್ಷರದಲ್ಲಿ ಇಡೀ ವ್ಯತ್ಯಾಸ ಅಡಗಿದೆ ಅಂತ ಹೇಗೆ ಗೊತ್ತಾಗಬೇಕು?

ಎಎಂಡಿಯವರು ಇದಕ್ಕಿಂತ ಒಳ್ಳೆಯವರು ಅಂತ ಹೇಳುವವರಿದ್ದಾರೆ. ಚಿಪ್ ಚೆನ್ನಾಗಿ ಮಾಡುತ್ತಾರೆ, ಒಪ್ಪುತ್ತೇನೆ. ಹೆಸರಿನ ವಿಷಯದಲ್ಲಿ ಒಪ್ಪುವುದಿಲ್ಲ. 2021ರಲ್ಲಿ ರೈಜೆನ್ 5 5500ಯು ಮತ್ತು ರೈಜೆನ್ 5 5600ಯು ಒಟ್ಟಿಗೆ ಬಂದವು. ನೂರರ ವ್ಯತ್ಯಾಸ ನೋಡಿದರೆ ಚೂರು ವೇಗ ಹೆಚ್ಚು ಕಡಿಮೆ ಅಂತ ಅನ್ನಿಸುತ್ತದೆ. ಝೆನ್ ಅಂದರೆ ಎಎಂಡಿಯ ಕೋರ್ ವಿನ್ಯಾಸದ ಹೆಸರು. ಒಳಗೆ ಒಂದು ಝೆನ್ 2, ಇನ್ನೊಂದು ಝೆನ್ 3. ಬೇರೆಯೇ ತಲೆಮಾರು.

ಆಮೇಲೆ 2022ರ ಸೆಪ್ಟೆಂಬರಿನಲ್ಲಿ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಒಂದು ಹೊಸ ಪದ್ಧತಿ ತಂದರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ, ಈ ಲ್ಯಾಪ್‌ಟಾಪ್‌ಗಳು ಇನ್ನೂ ಓಡಾಡುತ್ತಿವೆ. ನಾಲ್ಕು ಅಂಕಿ. ಮೊದಲನೆಯದು ವರ್ಷ: 7 ಅಂದರೆ 2023ರ ಸಾಲು, 8 ಅಂದರೆ 2024. ಎರಡನೆಯದು ಮಹಡಿ, ಅಂದರೆ ರೈಜೆನ್ 3, 5, 7, ಹೀಗೆ. ಮೂರನೆಯದು ಕೋರ್ ವಿನ್ಯಾಸ: 2 ಇದ್ದರೆ ಝೆನ್ 2, 3 ಇದ್ದರೆ ಝೆನ್ 3 ಅಥವಾ 3+, 4 ಇದ್ದರೆ ಝೆನ್ 4. ನಾಲ್ಕನೆಯದು 0 ಅಥವಾ 5, ಐದು ಅಂದರೆ ಅದೇ ಗುಂಪಲ್ಲಿ ಸ್ವಲ್ಪ ಮೇಲಿನದು.

ಈಗ ಇದನ್ನು ಹಚ್ಚಿ ನೋಡಿ. ರೈಜೆನ್ 5 7520ಯು. ಮೂರನೇ ಅಂಕಿ 2, ಝೆನ್ 2, ಅಂದರೆ 2019ರಲ್ಲಿ ಮೊದಲು ಬಂದ ಕೋರ್ ವಿನ್ಯಾಸ, ನಾಲ್ಕು ಕೋರ್. ರೈಜೆನ್ 5 7530ಯು, ಝೆನ್ 3, ಆರು ಕೋರ್. ರೈಜೆನ್ 5 7540ಯು, ಝೆನ್ 4, ಆರು ಕೋರ್. ಒಂದೇ ವರ್ಷ, ಒಂದೇ ರೈಜೆನ್ 5, ಹತ್ತು ಹತ್ತರ ವ್ಯತ್ಯಾಸ, ಮೂರು ತಲೆಮಾರು. ಒಂದು ನ್ಯಾಯದ ಮಾತು ಹೇಳಬೇಕು: 7520ಯು ಕೆಟ್ಟ ಚಿಪ್ ಅಲ್ಲ. ಅದರ ಗ್ರಾಫಿಕ್ಸ್ ಹೊಸದು, ಬ್ಯಾಟರಿ ಚೆನ್ನಾಗಿ ಬರುತ್ತದೆ, ಬರೆಯಲು ಓದಲು ಧಾರಾಳ ಸಾಕು. ಆದರೆ ಅದರ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿ ಬರುತ್ತದೆ, ಆಮೇಲೆ ಜಾಸ್ತಿ ಮಾಡಿಕೊಡಿ ಅಂತ ನನ್ನ ಹತ್ತಿರ ತಂದರೆ ನಾನು ಕೈ ಚೆಲ್ಲಬೇಕು. ಅದನ್ನು ಅದರ ರೇಟಿಗೆ, ಅದರ ಹೆಸರಿಗೆ ಮಾರಿದರೆ ಯಾರಿಗೂ ಬೇಜಾರಿಲ್ಲ. 7000 ಅಂತ ಹೇಳಿ 7540ರ ಪಕ್ಕ ಇಟ್ಟಾಗಲೇ ಮೋಸ ಆದ ಹಾಗೆ ಅನ್ನಿಸುವುದು. ಎಎಂಡಿ ಈ ಪದ್ಧತಿಯನ್ನು ಮುಚ್ಚಿಡಲಿಲ್ಲ, ಚಕ್ರದ ಹಾಗೆ ಚಿತ್ರ ಮಾಡಿ ಎಲ್ಲರಿಗೂ ತೋರಿಸಿತು, ಅದು ನಿಜ. ಆದರೆ ಅಂಗಡಿಯಲ್ಲಿ ಆ ಚಿತ್ರ ಇರುವುದಿಲ್ಲ. 2023ರ ಡಿಸೆಂಬರಿನಲ್ಲಿ ಇಂಟೆಲ್ ಇದೇ 7520ಯು ಹಿಡಿದು ಎಎಂಡಿ ಹಳೇ ಮಾಲು ಮಾರುತ್ತಿದೆ ಅಂತ ಒಂದು ಪ್ರಸ್ತುತಿ ಹಾಕಿ, ಆಮೇಲೆ ತೆಗೆದುಹಾಕಿತು. ಮರುತಿಂಗಳೇ ಅವರ ಕೋರ್ 5 120ಯು ಬಂತು.

2024ರಲ್ಲಿ ಎಎಂಡಿ ಈ ಪದ್ಧತಿಯನ್ನೂ ಬಿಟ್ಟು ರೈಜೆನ್ ಎಐ 9 ಎಚ್‌ಎಕ್ಸ್ 370 ಅಂತ ಶುರು ಮಾಡಿತು. 2025ರಲ್ಲಿ ರೈಜೆನ್ 200 ಅಂತ ಇನ್ನೊಂದು ಸಾಲು ಬಂತು, ಅದು ಝೆನ್ 4. ಜನ ಒಂದು ಪದ್ಧತಿ ಕಲಿಯುವ ಹೊತ್ತಿಗೆ ಅದನ್ನು ಬದಲಾಯಿಸುತ್ತಾರೆ, ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ವಿಷಯ. ಅಡಿಕೆಯಲ್ಲಿ ರಾಶಿ ಅಂದರೆ ನಮ್ಮ ಅಜ್ಜನಿಗೂ ರಾಶಿ, ನನಗೂ ರಾಶಿ.

ಫೋನ್ ಚಿಪ್‌ಗಳ ಬಗ್ಗೆ ಒಂದೇ ಮಾತು. ಸ್ನಾಪ್‌ಡ್ರಾಗನ್ 888 ಆದಮೇಲೆ 8 ಜೆನ್ 1 ಬಂತು, ಜೆನ್ 3 ಆದಮೇಲೆ 8 ಎಲೈಟ್, ಅದಾದಮೇಲೆ 8 ಎಲೈಟ್ ಜೆನ್ 5. ಎಲೈಟ್ ಇಲ್ಲದ ಬರೀ 8 ಜೆನ್ 5 ಅಂತ ಅದಕ್ಕಿಂತ ಕೆಳಗಿನದೂ ಒಂದಿದೆ. ಮೀಡಿಯಾಟೆಕ್‌ನ ಡೈಮೆನ್ಸಿಟಿ 7050 ಅಂದರೆ ಹಿಂದಿನ ಡೈಮೆನ್ಸಿಟಿ 1080ಯೇ, ಹೆಸರು ಮಾತ್ರ ಹೊಸದು. ಆಪಲ್‌ನ ಕಂಪ್ಯೂಟರ್ ಚಿಪ್ ಎಂ1, ಎಂ2, ಎಂ3 ಓದಲು ಸುಲಭ, ಆದರೂ ಏಳು ಗ್ರಾಫಿಕ್ಸ್ ಕೋರ್ ಇದ್ದದ್ದೂ ಎಂಟು ಇದ್ದದ್ದೂ ಎರಡೂ ಎಂ1 ಎಂದೇ ಬಂದವು.

ಈಗ ಕೊನೆಯ ಅಕ್ಷರ. ನಮ್ಮ ಕಡೆಯವರಿಗೆ ಮೊದಲಿನ 5, 7ಕ್ಕಿಂತ ಇದೇ ಮುಖ್ಯ ಅನ್ನುತ್ತೇನೆ ನಾನು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಯುಪಿಎಸ್ ಇದ್ದವರಿಗೂ ಅದು ದೀಪಕ್ಕೇ ಸಾಲದು. ಯು ಅಂತ ಇದ್ದರೆ ಸಾಮಾನ್ಯವಾಗಿ 15 ವ್ಯಾಟ್ ಸುತ್ತ ಉಣ್ಣುವ ಚಿಪ್. ಎಚ್ ಅಂದರೆ ಹೆಚ್ಚಾಗಿ 45 ವ್ಯಾಟ್. ಎಚ್‌ಎಕ್ಸ್ ಅಂದರೆ ಇಂಟೆಲ್ ಚಿಪ್ಪಿನಲ್ಲಿ 55, ಅದು ಡೆಸ್ಕ್‌ಟಾಪ್ ಚಿಪ್ಪನ್ನೇ ಲ್ಯಾಪ್‌ಟಾಪಿಗೆ ಇಳಿಸಿದ್ದು. ಇವೆಲ್ಲ ಮೂಲ ಅಳತೆ, ಜೋರು ಕೆಲಸಕ್ಕೆ ಎಲ್ಲವೂ ಇದಕ್ಕಿಂತ ಜಾಸ್ತಿ ಎಳೆಯುತ್ತವೆ. ಹಾಸ್ಟೆಲ್‌ನಲ್ಲಿ ಸದಾ ಪ್ಲಗ್ಗಿಗೆ ಹಾಕಿ, ಕ್ಯಾಡ್ ಡ್ರಾಯಿಂಗೋ ವಿಡಿಯೊ ಕೆಲಸವೋ ಮಾಡುವ ಮಗುವಿಗೆ ಎಚ್ ಸರಿ. ರಜೆಗೆ ಮನೆಗೆ ಬಂದು ಕತ್ತಲಲ್ಲಿ ಅಸೈನ್‌ಮೆಂಟ್ ಬರೆಯುವ ಮಗುವಿಗೆ ಯು. ಕೊನೆಯ ಅಕ್ಷರ ನೋಡದೆ ಐ7 ಅಂತ ಎಚ್ ತಂದು, ಬ್ಯಾಟರಿ ಎರಡು ಗಂಟೆ ಬರುವುದಿಲ್ಲ, ಬ್ಯಾಟರಿ ಬದಲಾಯಿಸಿ ಕೊಡಿ ಅಂತ ಬಂದವರು ಎಷ್ಟೋ ಜನ. ಬ್ಯಾಟರಿ ಸರಿಯಾಗಿಯೇ ಇರುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ್ದು ಹೇಳುತ್ತೇನೆ. ಕೊಟೇಶನ್ ಕೇಳಿ, ಅದರಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು ಬರೆಸಿಕೊಳ್ಳಿ, ಕೊನೆಯ ಅಕ್ಷರದ ತನಕ. "ಐ5, 16 ಜಿಬಿ" ಅಂತ ಮಾತ್ರ ಬರೆದರೆ ಒಪ್ಪಬೇಡಿ. ಕೆಲವು ಕಡೆ ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಮನೆಗೆ ಹೋಗಿ ಆ ಹೆಸರನ್ನು ಇಂಟೆಲ್ ಅಥವಾ ಎಎಂಡಿಯವರ ಸ್ವಂತ ಪುಟದಲ್ಲಿ ಹುಡುಕಿ. ಯಾವ ವರ್ಷ ಬಂತು, ಎಷ್ಟು ಕೋರ್, ಎಷ್ಟು ವ್ಯಾಟ್, ಮೂರೂ ಅಲ್ಲಿ ಇರುತ್ತದೆ. ಇಂಟೆಲ್ ಪುಟದಲ್ಲಿ ದೊಡ್ಡ ಕೋರ್ ಎಷ್ಟು, ಸಣ್ಣ ಕೋರ್ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ, ಅದನ್ನೂ ನೋಡಿ. ದೊಡ್ಡದು ಜೋರು ಕೆಲಸಕ್ಕೆ, ಸಣ್ಣದು ಕರೆಂಟ್ ಉಳಿಸುತ್ತಾ ಹಗುರ ಕೆಲಸ ಮಾಡಲು. ಐ3-ಎನ್305ರಲ್ಲಿ ಎಂಟು ಕೋರ್ ಅಂತ ಇರುತ್ತದೆ, ಎಂಟೂ ಸಣ್ಣವು. ಐ3-1215ಯುನಲ್ಲಿ ಆರೇ, ಆದರೆ ಅದರಲ್ಲಿ ಎರಡು ದೊಡ್ಡವು. ಅವಸರದಲ್ಲಿ ಅವತ್ತೇ ತರಬೇಡಿ, ಕಾಲೇಜು ಶುರುವಾಗಿ ಎರಡು ವಾರ ಆದಮೇಲೆ ತಂದರೂ ಏನೂ ಮುಳುಗುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬ ಹುಡುಗ, ಹಾಗಾದರೆ ಹೆಸರು ಹೇಗೆ ಇರಬೇಕಿತ್ತು ಸರ್ ಅಂತ ಕೇಳಿದ. ಕೋರ್ ವಿನ್ಯಾಸ ಬಂದ ವರ್ಷ, ಕೋರ್ ಎಷ್ಟು, ವ್ಯಾಟ್ ಎಷ್ಟು, ಈ ಮೂರನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆದರೆ ಸಾಕು ಅಂದೆ. ಫ್ರಿಜ್ ಮೇಲೆ ನಕ್ಷತ್ರದ ಚೀಟಿ ಅಂಟಿಸುವುದನ್ನು ನಮ್ಮ ದೇಶದಲ್ಲಿ ಕಡ್ಡಾಯ ಮಾಡಿದ್ದಾರಲ್ಲ, ಆ ನಕ್ಷತ್ರದ ಪಕ್ಕ ಯಾವ ವರ್ಷದ ಅಳತೆ ಅಂತಲೂ ಇರುತ್ತದೆ. ಫ್ರಿಜ್ಜಿಗೆ ಆಗುವುದು ಇದಕ್ಕೂ ಆಗಬೇಕು.

ಆಮೇಲೆ ಆಯನೂರಿನ ಕಡೆಯ ಒಬ್ಬ ತಾಯಿ ಮೊಬೈಲಲ್ಲಿ ಎರಡು ಕೊಟೇಶನ್ ಫೋಟೊ ತೋರಿಸಿದರು. ಎರಡರಲ್ಲೂ ರೈಜೆನ್ 5, ಎರಡರಲ್ಲೂ 16 ಜಿಬಿ, ರೇಟಿನಲ್ಲಿ ಸ್ವಲ್ಪ ವ್ಯತ್ಯಾಸ. ಒಂದು 7520ಯು, ಇನ್ನೊಂದು 7530ಯು. ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿ ನಿಂತಿದ್ದ ಅವರ ಮಗಳು ಮೂರನೇ ಅಂಕಿಯ ಮೇಲೆ ಬೆರಳಿಟ್ಟು, "ಅಮ್ಮ, ಇಲ್ಲಿ ಎರಡು, ಇಲ್ಲಿ ಮೂರು" ಅಂದಳು. ಅವರು ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. "ಇದರ ರ‍್ಯಾಮ್ ಮುಂದೆ ಬದಲಾಯಿಸಬಹುದಾ?" ಅಂತ ನನ್ನನ್ನು ಕೇಳಿದರು. 7530ಯು ಇರುವ ಮಾಡೆಲ್‌ಗಳಲ್ಲಿ ಕೆಲವಕ್ಕೆ ಸ್ಲಾಟ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ, ಅಂಗಡಿಯವರ ಹತ್ತಿರ ಅದನ್ನೂ ಬರೆಸಿಕೊಳ್ಳಿ ಅಂದೆ. ಮಗಳು ಬರೆದುಕೊಂಡಳು.